ಭಯವಿಲ್ಲದ ಸಾಲಕ್ಕೆ ಭಯದ ಬಡ್ಡಿ: ಪಾಮರ್ ಕೋಠಿಯಿಂದ ಇಂದಿನ ಬ್ಯಾಂಕುಗಳವರೆಗೆ

ದೊಡ್ಡ ಉದ್ಯಮ ಮನೆತನಗಳಿಗೆ ಸ್ವಂತ ಬ್ಯಾಂಕ್ ತೆರೆಯಲು ಬಿಡಬೇಕೇ? ಮುಗಿಯಿತು ಅಂದುಕೊಂಡಾಗೆಲ್ಲ ಈ ಪ್ರಶ್ನೆ ಮತ್ತೆ ಏಳುತ್ತದೆ. 2020ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕಿನದೇ ಒಂದು ಆಂತರಿಕ ಸಮಿತಿ, ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಗೆ ತಿದ್ದುಪಡಿ ತಂದು ಪರವಾನಗಿ ಕೊಡಬಹುದು ಎಂದಿತು. ಹಿಂದೆ ಗವರ್ನರ್ ಆಗಿದ್ದ ರಘುರಾಂ ರಾಜನ್, ಡೆಪ್ಯುಟಿ ಗವರ್ನರ್ ಆಗಿದ್ದ ವಿರಲ್ ಆಚಾರ್ಯ ಇಬ್ಬರೂ ಬಹಿರಂಗವಾಗಿ ವಿರೋಧಿಸಿದರು. ಮರುವರ್ಷ ರಿಸರ್ವ್ ಬ್ಯಾಂಕ್ ಸಮಿತಿಯ 33 ಶಿಫಾರಸುಗಳಲ್ಲಿ 21ನ್ನು ಒಪ್ಪಿಕೊಂಡು, ಇದನ್ನು ಪರಿಶೀಲನೆಗೆಂದು ಪಕ್ಕಕ್ಕಿಟ್ಟಿತು. 2024ರಲ್ಲಿ ಅಂದಿನ ಗವರ್ನರ್ ಶಕ್ತಿಕಾಂತ ದಾಸ್ ಅವರು ಸದ್ಯಕ್ಕೆ ಅಂಥ ಯೋಚನೆಯಿಲ್ಲ ಎಂದರು. ತಿರಸ್ಕರಿಸಿದ್ದೇವೆ ಎಂದು ಮಾತ್ರ ಇಲ್ಲಿಯವರೆಗೆ ಯಾರೂ ಹೇಳಿಲ್ಲ.

ಕಲಬುರಗಿಯ ನೆಹರು ಗಂಜಿನಲ್ಲಿ ತೊಗರಿ ತೂಗಿಸಲು ನಿಂತ ರೈತನಿಗೆ ಇದು ಮುಂಬೈಯವರ ಮಾತು ಅನಿಸುವುದು ಸಹಜ. ಆದರೆ ಅಧಿಕಾರದ ನೆರಳಲ್ಲಿ ಬೆಳೆದ ಒಂದು ಖಾಸಗಿ ಬ್ಯಾಂಕ್ ಏನು ಮಾಡಬಲ್ಲದು ಎಂಬುದಕ್ಕೆ ಭಾರತದಲ್ಲಿ ಸಿಗುವ ಅತ್ಯಂತ ಹಳೆಯ, ದಾಖಲೆಗಳು ಪೂರ್ತಿ ಉಳಿದಿರುವ ಉದಾಹರಣೆಗಳಲ್ಲಿ ಒಂದು ನಮ್ಮ ಹೈದರಾಬಾದ್ ಸಂಸ್ಥಾನದ್ದೇ. ಇನ್ನೂರು ವರ್ಷಗಳ ಹಿಂದಿನ ಆ ಕತೆ ನಮ್ಮ ಕಡೆಯ ಶಾಲೆಯ ಪಠ್ಯದಲ್ಲಿಲ್ಲ, ಸಭೆ ಸಮಾರಂಭಗಳ ಭಾಷಣದಲ್ಲೂ ಇಲ್ಲ. ಇರಬೇಕಿತ್ತು. ಅದರ ಬಡ್ಡಿ ಕಟ್ಟಿದವರಲ್ಲಿ ನಮ್ಮ ಹಿಂದಿನವರೂ ಇದ್ದರು.

ರೆಸಿಡೆನ್ಸಿಯ ಮಗ್ಗುಲಿನ ಕೋಠಿ

ವಿಲಿಯಂ ಪಾಮರ್ ಹುಟ್ಟಿದ್ದು 1780ರಲ್ಲಿ. ತಂದೆ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ, ತಾಯಿ ಲಖನೌದ ಫೈಜ್ ಬಖ್ಷ್ ಬೇಗಂ. ನಿಜಾಮನ ಸೈನ್ಯದಲ್ಲಿ ನೌಕರಿ ಮಾಡಿ, ಬಿಟ್ಟು, ವ್ಯಾಪಾರಕ್ಕೆ ಇಳಿದ. ಗೋದಾವರಿ ದಂಡೆಯ ಕಾಡಿನಿಂದ ಹಡಗು ಕಟ್ಟುವ ಮರವನ್ನು ನೀರಿನಲ್ಲಿ ತೇಲಿಸಿ ಸಾಗಿಸುವುದು ಮೊದಲ ಯೋಜನೆಗಳಲ್ಲೊಂದು. ಮರಕ್ಕಿಂತ ಸಾಲದಲ್ಲಿ ಲಾಭ ಹೆಚ್ಚೆಂದು ಕಂಡುಕೊಳ್ಳಲು ಬಹಳ ದಿನ ಬೇಕಾಗಲಿಲ್ಲ.

ಆಗ ನಿಜಾಮನ ಗಾದಿಯಲ್ಲಿದ್ದವನು ಸಿಕಂದರ್ ಜಾ. ಆಡಳಿತದ ಲಗಾಮು ಪೇಶಕಾರ ಚಂದೂಲಾಲನ ಕೈಯಲ್ಲಿ. ಅವನ ಬೆನ್ನಿಗಿದ್ದದ್ದು ಬ್ರಿಟಿಷ್ ರೆಸಿಡೆಂಟ್, ಅಂದರೆ ದರ್ಬಾರಿನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಪ್ರತಿನಿಧಿ, ಹೆನ್ರಿ ರಸೆಲ್. ರಸೆಲ್‌ನ ಹೆಸರಿನಲ್ಲೇ ಒಂದು ಪಡೆ ಕಟ್ಟಲಾಗಿತ್ತು. ಅಧಿಕಾರಿಗಳು ಬ್ರಿಟಿಷರು, ಹುಕುಂ ರೆಸಿಡೆಂಟನದು, ಸಂಬಳದ ಖರ್ಚು ನಿಜಾಮನದು. ಮುಂದೆ ಅದೇ ಹೈದರಾಬಾದ್ ಕಂಟಿಂಜೆಂಟ್ ಆಗಿ ಬೆಳೆದು ವರ್ಷಕ್ಕೆ ನಲವತ್ತು ಲಕ್ಷದಷ್ಟು ನುಂಗತೊಡಗಿತು. ಖಜಾನೆ ಬರಿದಾಗಿದ್ದರೂ ಸಂಬಳ ತಿಂಗಳು ತಪ್ಪುವಂತಿರಲಿಲ್ಲ. ಆ ಹಣವನ್ನು ಮುಂಗಡವಾಗಿ ಕೊಟ್ಟು, ಜಿಲ್ಲೆಗಳ ಕಂದಾಯವನ್ನು ತಮ್ಮ ಹೆಸರಿಗೆ ಬರೆಸಿಕೊಳ್ಳುವ ಕೆಲಸ ಪಾಮರ್‌ನ ಲೇವಾದೇವಿ ಕೋಠಿಯದು, ಅಂದರೆ ಪಾಮರ್ ಕಂಪನಿಯದಾಯಿತು.

ಪಾಲುದಾರರು ಯಾರು ಯಾರು ಎಂದು ನೋಡಿದರೆ ಅರ್ಧ ವಿಷಯ ಅಲ್ಲೇ ಇದೆ. ಪಾಮರ್ ಸಹೋದರರು. ಬಂಕಟಿ ದಾಸ್ ಎಂಬ ಗುಜರಾತಿ ಸಾಹುಕಾರ. ರೆಸಿಡೆನ್ಸಿಯ ಸರ್ಜನ್. ರೆಸಿಡೆಂಟನ ಸಹಾಯಕರಲ್ಲೊಬ್ಬ. ಎಲ್ಲರಿಗಿಂತ ಮುಖ್ಯವಾಗಿ ಸರ್ ವಿಲಿಯಂ ರಂಬೋಲ್ಡ್. ಗವರ್ನರ್ ಜನರಲ್ ಲಾರ್ಡ್ ಹೇಸ್ಟಿಂಗ್ಸ್ ತನ್ನ ಪೋಷಣೆಯಲ್ಲಿ ಬೆಳೆಸಿದ ಹುಡುಗಿಯನ್ನು ಮದುವೆಯಾದವನು ಈತ. ಮನೆಯ ಅಳಿಯನ ಸ್ಥಾನವೇ ಅನ್ನಿ.

ಬ್ರಿಟಿಷ್ ಪ್ರಜೆಗಳು ದೇಶೀ ರಾಜರಿಗೆ ಸಾಲ ಕೊಡಕೂಡದು ಎಂದು 1797ರಲ್ಲೇ ಇಂಗ್ಲೆಂಡಿನ ಪಾರ್ಲಿಮೆಂಟು ಕಾಯ್ದೆ ಮಾಡಿತ್ತು. ಕರ್ನಾಟಿಕ್‌ನ (ಆರ್ಕಾಟಿನ) ನವಾಬನಿಗೆ ಮದ್ರಾಸಿನ ಅಧಿಕಾರಿಗಳೇ ಸಾಲ ಕೊಟ್ಟು, ಕಂಪನಿಯ ನೀತಿಯನ್ನೇ ತಮ್ಮ ವಸೂಲಿಗೆ ತಿರುಗಿಸಿಕೊಂಡಿದ್ದನ್ನು ಕಂಡ ಮೇಲೆ ಬಂದ ಎಚ್ಚರ ಅದು. ಆದರೆ ಗವರ್ನರ್ ಜನರಲ್ ಒಪ್ಪಿದರೆ ಕೊಡಬಹುದೆಂಬ ಒಂದು ಕಿಂಡಿ ಕಾಯ್ದೆಯಲ್ಲೇ ಇತ್ತು. 1816ರಲ್ಲಿ ಹೇಸ್ಟಿಂಗ್ಸ್ ಆ ಕಿಂಡಿಯಿಂದ ಪಾಮರ್ ಕಂಪನಿಗೆ ಪರವಾನಗಿ ಕೊಟ್ಟ. ಕಂಪನಿ ಸರ್ಕಾರದ ಪ್ರದೇಶದಲ್ಲಿ ಬಡ್ಡಿಗೆ ಶೇಕಡ 12ರ ಮಿತಿಯಿತ್ತು. ನಿಜಾಮನ ಸೀಮೆಗೆ ಆ ಮಿತಿ ಹತ್ತುವುದಿಲ್ಲ ಎಂಬ ಕಾನೂನು ಅಭಿಪ್ರಾಯವನ್ನೂ ಪಡೆದರು. ಠೇವಣಿದಾರರಿಗೆ ಶೇಕಡ 12 ಕೊಟ್ಟು, ನಿಜಾಮನ ಸರ್ಕಾರದಿಂದ 24, 25 ವಸೂಲು ಮಾಡಿದರು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಶೇಕಡ 24ರ ಬಡ್ಡಿ ಅಂದಿನ ಹೈದರಾಬಾದಿನಲ್ಲಿ ಹೊಸದಲ್ಲ. ಕಾರವಾನ್, ಬೇಗಂ ಬಜಾರಿನ ಗೋಸಾವಿ, ಮಾರವಾಡಿ, ಗುಜರಾತಿ ಸಾಹುಕಾರರೂ ಅಷ್ಟೇ ಕೇಳುತ್ತಿದ್ದರು. ಅವರು ಕೇಳಲು ಕಾರಣವಿತ್ತು: ದರ್ಬಾರು ಯಾವತ್ತು ಕೈಯೆತ್ತುತ್ತದೋ ಹೇಳಲಾಗದು, ಎತ್ತಿದರೆ ಸಾಹುಕಾರ ಯಾರ ಬಾಗಿಲು ತಟ್ಟಬೇಕು? ಮುಳುಗುವ ಭಯದ ಬೆಲೆಯೇ ಆ ಬಡ್ಡಿ. ಪಾಮರ್ ಕಂಪನಿಗೆ ಆ ಭಯವಿರಲಿಲ್ಲ. ಹಿಂದೆ ರೆಸಿಡೆಂಟ್ ನಿಂತಿದ್ದ, ರೆಸಿಡೆಂಟನ ಹಿಂದೆ ಕಂಪನಿಯ ಸೈನ್ಯ, ಅದರ ಹಿಂದೆ ಗವರ್ನರ್ ಜನರಲ್. ಮುಳುಗಲಾರದ ಸಾಲಕ್ಕೆ ಮುಳುಗುವ ಸಾಲದ ಬಡ್ಡಿ ತೆಗೆದುಕೊಂಡದ್ದೇ ಅವರ ಸಂಪತ್ತಿನ ಮೂಲ. ಅಧಿಕಾರದ ಬೆಂಬಲವಿರುವ ಯಾವ ಬ್ಯಾಂಕಿನ ಬಗ್ಗೆ ಓದಿದರೂ ನಾನು ಮೊದಲು ಹುಡುಕುವುದು ಇದನ್ನೇ. ಅಪಾಯ ಯಾರ ತಲೆಯ ಮೇಲಿದೆ, ಅಪಾಯದ ಹೆಸರಿನ ಲಾಭ ಯಾರ ಕಿಸೆಗೆ ಹೋಗುತ್ತಿದೆ?

1820ರಲ್ಲಿ 60 ಲಕ್ಷದ ಹೊಸ ಸಾಲದ ಪ್ರಸ್ತಾವ ಕಲ್ಕತ್ತಕ್ಕೆ ಹೋಯಿತು. ಬಾಕಿ ಸಂಬಳ ತೀರಿಸಲು, ರೈತರಿಗೆ ತಗಾವಿ (ಬೇಸಾಯದ ಮುಂಗಡ ಸಾಲ) ಕೊಡಲು, ಆಡಳಿತ ಸುಧಾರಿಸಲು ಎಂದೆಲ್ಲ ಅದರಲ್ಲಿ ಬರೆದಿತ್ತು. ಕೌನ್ಸಿಲ್‌ನಲ್ಲಿ ವಿರೋಧವಿದ್ದರೂ ಹೇಸ್ಟಿಂಗ್ಸ್ ಮಂಜೂರು ಮಾಡಿಸಿದ. ಅದೇ ವರ್ಷದ ಕೊನೆಗೆ ರೆಸಿಡೆಂಟ್ ಆಗಿ ಬಂದ ಚಾರ್ಲ್ಸ್ ಮೆಟ್ಕಾಫ್ ಲೆಕ್ಕದ ಪುಸ್ತಕ ಕೆದಕಿದ. ಅರವತ್ತು ಲಕ್ಷದಲ್ಲಿ ಬಹುಪಾಲು ಹೊಸ ಹಣವೇ ಅಲ್ಲ, ಹಳೆಯ ಬಾಕಿಯನ್ನು ಹೊಸ ಖಾತೆಗೆ ಬರೆದದ್ದು. ಎಂಟು ಲಕ್ಷವಂತೂ ಯಾರಿಗೂ ಕೊಟ್ಟಿರದ, ಕಂಪನಿಯ ಪಾಲುದಾರರು ಬೋನಸ್ಸೆಂದು ತಮಗೆ ತಾವೇ ಸೇರಿಸಿಕೊಂಡ ಮೊತ್ತ. ರೈತನ ತಗಾವಿ ಕಾಗದದ ಮೇಲಷ್ಟೇ ಉಳಿದಿತ್ತು.

ಕಂಪನಿ ಸರ್ಕಾರದ ಖಾತರಿಯ ಮೇಲೆ ಶೇಕಡ 6ಕ್ಕೆ ಹಣ ಎತ್ತಿ ಪಾಮರ್ ಸಾಲವನ್ನು ಒಮ್ಮೆಗೇ ತೀರಿಸಿಬಿಡೋಣ ಎಂದು ಮೆಟ್ಕಾಫ್ ಸೂಚಿಸಿದ. ಹೇಸ್ಟಿಂಗ್ಸ್ ಸಿಟ್ಟಾದ, ಒಪ್ಪಲಿಲ್ಲ. ಅವನು 1823ರಲ್ಲಿ ಭಾರತ ಬಿಟ್ಟ ಮೇಲೆಯೇ ಲೆಕ್ಕ ಚುಕ್ತಾ ಆಯಿತು. ಹೇಗೆ? ಉತ್ತರ ಸರ್ಕಾರಗಳು ಎಂದು ಕರೆಯುತ್ತಿದ್ದ ಆಂಧ್ರ ಕರಾವಳಿಯ ಪ್ರದೇಶಕ್ಕಾಗಿ ಈಸ್ಟ್ ಇಂಡಿಯಾ ಕಂಪನಿ ನಿಜಾಮನಿಗೆ ವರ್ಷಕ್ಕೆ 7 ಲಕ್ಷ ಪೇಶ್ಕಶ್ (ಕಪ್ಪ) ಕೊಡಬೇಕಿತ್ತು. ಶೇಕಡ 6ರ ಲೆಕ್ಕದಲ್ಲಿ ಅದನ್ನು 1 ಕೋಟಿ 16 ಲಕ್ಷ 66 ಸಾವಿರದ ಗಂಟಾಗಿ ಮಾಡಿ, ಅದರ ದೊಡ್ಡ ಪಾಲನ್ನು ಪಾಮರ್ ಕಂಪನಿಗೆ ಕೊಟ್ಟು, ಪೇಶ್ಕಶನ್ನು ಶಾಶ್ವತವಾಗಿ ರದ್ದು ಮಾಡಿದರು. ಒಂದು ಖಾಸಗಿ ಅಂಗಡಿಯ ಬಾಕಿಗೆ ಒಂದು ರಾಜ್ಯ ತನ್ನ ಕಾಯಂ ಆದಾಯವನ್ನು ಕಳೆದುಕೊಂಡಿತು.

ಬಡ್ಡಿಯ ಹರಿವು ನಿಂತ ಮೇಲೆ ಪಾಮರ್ ಕಂಪನಿ 1824ರಲ್ಲಿ ದಿವಾಳಿಯಾಯಿತು. ಠೇವಣಿ ಇಟ್ಟವರೂ ಮುಳುಗಿದರು. ಲಂಡನ್ನಿನಲ್ಲಿ ದಾಖಲೆಗಳೆಲ್ಲ ಅಚ್ಚಾದವು, 1825ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಷೇರುದಾರರ ಸಭೆ ದಿನಗಟ್ಟಲೆ ಚರ್ಚಿಸಿತು. ಹೇಸ್ಟಿಂಗ್ಸ್ ಸ್ವತಃ ಲಂಚ ತಿಂದನೆಂದು ಯಾರೂ ಸಾಬೀತು ಮಾಡಲಿಲ್ಲ. ಹಾಗೆ ತಿಂದಿರಲಿಕ್ಕಿಲ್ಲ ಎಂದೇ ನನಗೂ ಅನಿಸುತ್ತದೆ. ಅಷ್ಟರಿಂದ ಹಾನಿ ಕಡಿಮೆಯಾಗಲಿಲ್ಲ. ತನ್ನವರ ವ್ಯಾಪಾರದ ಮೇಲೆ ತಾನೇ ನಿಗಾ ಇಡಬೇಕಾದವನು ಪ್ರಾಮಾಣಿಕನಾಗಿದ್ದೂ ಕುರುಡನಾಗಬಲ್ಲ. ಹಾಗಾಗಿಯೇ ಬ್ಯಾಂಕಿನ ಕಾನೂನು ಜನರ ಗುಣವನ್ನು ನಂಬಿ ಕೂರಬಾರದು.

ಬಡ್ಡಿ ಹಳ್ಳಿಗೆ ಇಳಿದ ದಾರಿ

ಚಂದೂಲಾಲ ಸಾಲ ತೀರಿಸಿದ್ದು ಯಾರ ಹಣದಿಂದ? ಅಂದು ಕಂದಾಯ ವಸೂಲಿ ಗುತ್ತಿಗೆಯ ಮೇಲೆ ನಡೆಯುತ್ತಿತ್ತು. ಹೆಚ್ಚು ಮುಂಗಡ ಕೊಟ್ಟ ತಾಲ್ಲೂಕುದಾರನಿಗೆ ಸೀಮೆ. ಅವನು ಆ ಮುಂಗಡವನ್ನು ಇನ್ನೊಬ್ಬ ಸಾಹುಕಾರನಿಂದ ಬಡ್ಡಿಗೆ ತಂದಿರುತ್ತಿದ್ದ. ವರ್ಷ ತುಂಬುವ ಮೊದಲೇ ಇನ್ನೊಬ್ಬ ಹೆಚ್ಚು ಕೂಗಿದರೆ ಸೀಮೆ ಕೈತಪ್ಪಬಹುದು, ಆದ್ದರಿಂದ ಇರುವಷ್ಟು ದಿನದಲ್ಲಿ ಹಿಂಡಿಕೊಳ್ಳಬೇಕು. ದೇಶಮುಖ, ಪಟೇಲ, ಕುಲಕರ್ಣಿ ದಾಟಿ ಭಾರವೆಲ್ಲ ಬಂದು ಬೀಳುತ್ತಿದ್ದದ್ದು ಎರೆಹೊಲ ಉಳುವವನ ಮೇಲೆ. ಊರು ಬಿಟ್ಟು ಹೋದ ರೈತರ, ಪಾಳುಬಿದ್ದ ಹೊಲಗಳ ಬಗ್ಗೆ ಮೆಟ್ಕಾಫ್ ಬರೆದ. ಕಂದಾಯ ನಿಗದಿಯ ಮೇಲ್ವಿಚಾರಣೆಗೆ ಜಿಲ್ಲೆಗಳಿಗೆ ಅಧಿಕಾರಿಗಳನ್ನು ಕಳಿಸಿದ. ಅವನು ಹೋದ ಮೇಲೆ ಆ ವ್ಯವಸ್ಥೆ ಸಡಿಲವಾಯಿತು.

ಪಾಮರ್ ನಂತರವೂ ಪದ್ಧತಿ ಬದಲಾಗಲಿಲ್ಲ, ಕೈ ಮಾತ್ರ ಬದಲಾಯಿತು. ಪಾರ್ಸಿ ಸಹೋದರರಾದ ಪೆಸ್ತೊನ್‌ಜಿ ಮತ್ತು ವಿಕಾಜಿ ಮೆಹೆರ್‌ಜಿ ಬೇರಾರಿನ (ಇಂದಿನ ವಿದರ್ಭದ ಭಾಗ) ಕಂದಾಯದ ಮೇಲೆ ಸಾಲ ಕೊಟ್ಟರು. ಔರಂಗಾಬಾದಿನಲ್ಲಿ ಅವರ ಹೆಸರಿನ ರೂಪಾಯಿಯೇ ಟಂಕಿಸಲ್ಪಟ್ಟಿತು. ಚಂದೂಲಾಲ 1843ರಲ್ಲಿ ಕೆಳಗಿಳಿದ ಮೇಲೆ ಅವರ ಜಿಲ್ಲೆಗಳನ್ನು ಸರ್ಕಾರ ಕಿತ್ತುಕೊಂಡಿತು. ರೆಸಿಡೆಂಟನ ಬಲವಿಲ್ಲದ ಆ ಮನೆತನ ಮುಳುಗಿತು. ಇತ್ತ ಅರಬ್ ಮತ್ತು ರೋಹಿಲ್ಲಾ ಬಾಡಿಗೆ ಪಡೆಗಳ ಜಮಾದಾರರು ತಾವೇ ಸಾಲ ಕೊಡುವವರಾದರು. ಸಾಲಗಾರನ ಬಾಗಿಲಿಗೆ ಆಳುಗಳನ್ನು ಕೂರಿಸಿ ವಸೂಲು ಮಾಡುವುದು ಅವರ ರೀತಿ.

ಕಂಟಿಂಜೆಂಟಿನ ಖರ್ಚು ಮಾತ್ರ ನಿಲ್ಲಲೇ ಇಲ್ಲ. ಈಗ ಸಾಲ ಕೊಟ್ಟದ್ದು ಈಸ್ಟ್ ಇಂಡಿಯಾ ಕಂಪನಿಯೇ. ಆ ಬಾಕಿಗಾಗಿ 1853ರ ಮೇ ತಿಂಗಳ ಒಪ್ಪಂದದಲ್ಲಿ ಬೇರಾರ್, ನಳದುರ್ಗದ ಸೀಮೆ, ನಮ್ಮ ರಾಯಚೂರು ದೋಆಬ್ ಕಂಪನಿಯ ಕೈಸೇರಿದವು. ರಾಯಚೂರು, ನಳದುರ್ಗ 1860ರಲ್ಲಿ ಹಿಂದಿರುಗಿದವು. ಬೇರಾರ್ ಬರಲೇ ಇಲ್ಲ; 1902ರಲ್ಲಿ ವರ್ಷಕ್ಕೆ 25 ಲಕ್ಷದ ಕಾಯಂ ಗುತ್ತಿಗೆಯೆಂದು ಬರೆಸಿಕೊಂಡರು.

ಯಾದಗಿರಿ ಜಿಲ್ಲೆಯ ಸುರಪುರಕ್ಕೂ ಪಾಮರ್ ಮನೆಗೂ ಒಂದು ನಂಟಿದೆ. ಸುರಪುರ ಸಂಸ್ಥಾನಕ್ಕೆ 1841ರಲ್ಲಿ ಬಂದು 1853ರವರೆಗೆ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್, ಗುಡ್ಡದ ಮೇಲೆ ಇಂದಿಗೂ ನಿಂತಿರುವ ಟೇಲರ್ ಮಂಜಿಲ್ ಕಟ್ಟಿಸಿದವನು, ವಿಲಿಯಂ ಪಾಮರನ ಮಗಳು ಮೇರಿಯನ್ನು ಮದುವೆಯಾಗಿದ್ದ. ಮಾವ ದಿವಾಳಿಯಾದ ನಂತರದ ಮದುವೆ ಅದು. ಟೇಲರನನ್ನು ನಮ್ಮ ಜನ ಇಂದಿಗೂ ಒಳ್ಳೆಯ ಮಾತಿನಲ್ಲಿ ನೆನೆಯುತ್ತಾರೆ, ಅದಕ್ಕೆ ಆತ ಅರ್ಹ. ಅವನು ಹೋಗಿ ಐದು ವರ್ಷಕ್ಕೆ, 1858ರಲ್ಲಿ, ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದು ಪ್ರಾಣ ಕಳೆದುಕೊಂಡ. 1860ರಲ್ಲಿ ಸುರಪುರ ನಿಜಾಮನಿಗೆ ಹೋಯಿತು. ನಿಜಾಮನ ದಿವಾನ ಸಾಲರ್ ಜಂಗ್ ಗುತ್ತಿಗೆ ಪದ್ಧತಿ ತೆಗೆದು 1865ರಲ್ಲಿ ಜಿಲ್ಲಾಬಂದಿ, ಅಂದರೆ ಸರ್ಕಾರಿ ಅಧಿಕಾರಿಗಳ ಜಿಲ್ಲಾಡಳಿತ, ತಂದ ಮೇಲಷ್ಟೇ ಕಂದಾಯಕ್ಕೂ ಸಾಹುಕಾರಿಕೆಗೂ ನಡುವೆ ಒಂದು ಗೋಡೆ ಎದ್ದಿತು.

ಇಲ್ಲೇಕೆ ಬ್ಯಾಂಕ್ ಹುಟ್ಟಲಿಲ್ಲ

ಅದೇ ಕರ್ನಾಟಕದ ಕರಾವಳಿಯನ್ನು ನೋಡಿ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಉಡುಪಿಯಲ್ಲಿ ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಇವೆಲ್ಲ ಖಾಸಗಿ ಬ್ಯಾಂಕುಗಳೇ. ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆ ಇಟ್ಟವರೂ ಇದ್ದರು. ಖಾಸಗಿ ಬ್ಯಾಂಕ್ ಅಂದರೆ ಕೆಟ್ಟದ್ದು ಎಂದು ಹೇಳಲು ನಾನು ಹೊರಟಿಲ್ಲ. ಸಣ್ಣ ಜನರ ಠೇವಣಿಯ ಮೇಲೆ ನಿಂತು, ಅಧಿಕಾರದಿಂದ ದೂರವಿದ್ದು, ಆ ಜನರಿಗೇ ಸಾಲ ಕೊಟ್ಟ ಬ್ಯಾಂಕ್ ಬೇರೆ. ದರ್ಬಾರಿನ ಬಾಗಿಲಲ್ಲಿ ಹುಟ್ಟಿದ ಬ್ಯಾಂಕ್ ಬೇರೆ.

ಜಾಗೀರು, ಗುತ್ತಿಗೆ, ಸಾಹುಕಾರಿಕೆ ಸೇರಿ ಹಣವೆಲ್ಲ ಹೈದರಾಬಾದಿನತ್ತ ಹರಿಯುತ್ತಿದ್ದ ನಮ್ಮ ಕಡೆ ಅಂಥ ಠೇವಣಿದಾರ ವರ್ಗ ಬೆಳೆಯಲಿಲ್ಲ. ಸಂಸ್ಥಾನಕ್ಕೇ ಒಂದು ಸರ್ಕಾರಿ ಬ್ಯಾಂಕ್ ಬಂದದ್ದು 1941ರ ಕಾಯ್ದೆಯಿಂದ. ಆ ಹೈದರಾಬಾದ್ ಸ್ಟೇಟ್ ಬ್ಯಾಂಕ್ 1956ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆಯಿತು. ನಮ್ಮ ಜಿಲ್ಲೆಗಳಲ್ಲಿ ಒಂದು ತಲೆಮಾರಿಗೆ ಬ್ಯಾಂಕ್ ಅಂದರೆ ಎಸ್‌ಬಿಎಚ್ ಅನ್ನುವಂತಿತ್ತು. 2017ರ ಏಪ್ರಿಲ್ 1ರಂದು ಅದು ಎಸ್‌ಬಿಐಯಲ್ಲಿ ವಿಲೀನವಾಯಿತು. ಕಲಬುರಗಿಯಲ್ಲೇ ಪ್ರಧಾನ ಕಚೇರಿಯಿದ್ದ ಕೃಷ್ಣಾ ಗ್ರಾಮೀಣ ಬ್ಯಾಂಕ್ 2013ರಲ್ಲಿ ಬಳ್ಳಾರಿಯ ಬ್ಯಾಂಕಿನ ಜೊತೆ ಸೇರಿತು. 2025ರ ಮೇ 1ರಿಂದ ಇಡೀ ರಾಜ್ಯಕ್ಕೆ ಬಳ್ಳಾರಿ ಕೇಂದ್ರದ ಒಂದೇ ಗ್ರಾಮೀಣ ಬ್ಯಾಂಕ್. ಶಾಖೆಗಳು ಉಳಿದಿವೆ, ಸರಿ. ಸಾಲದ ನೀತಿ ಬರೆಯುವ ಮೇಜು ದೂರ ಹೋಯಿತು.

ಇಂದಿನ ಲೆಕ್ಕ

ಪಾಮರ್ ಕಾಲದ ರೆಸಿಡೆಂಟನ ಜಾಗದಲ್ಲಿ ಇಂದು ನಿಂತಿರುವುದು ಠೇವಣಿದಾರನ ವಿಶ್ವಾಸ. ಬ್ಯಾಂಕ್ ಬಿದ್ದರೆ ಸರ್ಕಾರ ಬಿಡುವುದಿಲ್ಲ ಎಂಬ ನಂಬಿಕೆ ಎಲ್ಲರಲ್ಲಿದೆ, ಆ ನಂಬಿಕೆ ಸುಳ್ಳೂ ಅಲ್ಲ. 2020ರ ಮಾರ್ಚ್ 5ರಂದು ಯೆಸ್ ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದಾಗ ಅದನ್ನು ಎತ್ತಿ ನಿಲ್ಲಿಸಿದ್ದು ಎಸ್‌ಬಿಐ ಮುಂದಾಳತ್ವದ ಬ್ಯಾಂಕುಗಳ ಕೂಟ. 8,415 ಕೋಟಿಯ ಬಾಂಡುಗಳು ಶೂನ್ಯವಾದವು. ಎಸ್‌ಬಿಎಚ್ ಖಾತೆಯಲ್ಲಿ ಹಣವಿಟ್ಟಿದ್ದ ಚಿತ್ತಾಪುರದ, ಭಾಲ್ಕಿಯ ಮನೆಗಳು ಮೂರು ವರ್ಷದ ಹಿಂದಷ್ಟೇ ಎಸ್‌ಬಿಐ ಗ್ರಾಹಕರಾಗಿದ್ದವು. ಮುಂಬೈಯ ಖಾಸಗಿ ಬ್ಯಾಂಕಿನ ಕೆಟ್ಟ ಸಾಲಗಳಿಗೆ ಭುಜ ಕೊಟ್ಟ ಸಂಸ್ಥೆಯಲ್ಲಿ ಅವರ ದುಡ್ಡೂ ಇತ್ತು. ಆ ರಕ್ಷಣೆ ತಪ್ಪೆಂದು ಹೇಳಲಾರೆ, ಬ್ಯಾಂಕ್ ಬೀಳಲು ಬಿಟ್ಟಿದ್ದರೆ ನಷ್ಟ ಇನ್ನೂ ದೊಡ್ಡದು. ಆದರೆ ಇಂಥ ರಕ್ಷಣೆ ಇರುವ ಜಾಗಕ್ಕೆ, ತನ್ನದೇ ಸಿಮೆಂಟು, ವಿದ್ಯುತ್, ಬಂದರು ಕಂಪನಿಗಳಿಗೆ ಸಾಲ ಬೇಕಾಗಿರುವ, ಪಕ್ಷಗಳಿಗೆ ದೇಣಿಗೆ ಕೊಡುವ ಮನೆತನವನ್ನು ತಂದು ಕೂರಿಸಿದರೆ, ಅದು ರಂಬೋಲ್ಡ್‌ಗೆ ಕೊಟ್ಟ ಪರವಾನಗಿಯೇ. 1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣವಾದದ್ದಕ್ಕೆ ಒಂದು ಕಾರಣ, ಅಂದಿನ ಬ್ಯಾಂಕುಗಳಲ್ಲಿ ಹಲವು ಉದ್ಯಮ ಮನೆತನಗಳ ಹಿಡಿತದಲ್ಲಿದ್ದು ಸಾಲ ಅತ್ತಲೇ ಹೋಗುತ್ತಿದ್ದದ್ದು.

ಹಾಗೆಂದು ಸರ್ಕಾರಿ ಒಡೆತನವೇ ಮದ್ದು ಎಂದೂ ಅಲ್ಲ. ಹೆಸರು ಹೊರಬಾರದಂತೆ ಪಕ್ಷಗಳಿಗೆ ದೇಣಿಗೆ ಕೊಡುವ ಚುನಾವಣಾ ಬಾಂಡುಗಳನ್ನು ಮಾರಿದ ಏಕೈಕ ಬ್ಯಾಂಕ್ ಎಸ್‌ಬಿಐ. ಸುಪ್ರೀಂ ಕೋರ್ಟ್ 2024ರ ಫೆಬ್ರುವರಿ 15ರಂದು ಯೋಜನೆಯನ್ನು ಅಸಾಂವಿಧಾನಿಕವೆಂದು ರದ್ದು ಮಾಡಿತು. ವಿವರ ಕೊಡಲು ಜೂನ್ 30ರವರೆಗೆ ಸಮಯ ಬೇಕೆಂದು ಬ್ಯಾಂಕ್ ಕೇಳಿತು, ಅಂದರೆ ಲೋಕಸಭೆ ಚುನಾವಣೆ ಮುಗಿಯುವವರೆಗೆ. ಕೋರ್ಟ್ ಒಪ್ಪದ ಮೇಲೆ ಕೆಲವೇ ದಿನಗಳಲ್ಲಿ ಮಾಹಿತಿ ಹೊರಬಂತು. ಬ್ಯಾಂಕಿಗೂ ಅಧಿಕಾರಕ್ಕೂ ಇರಬೇಕಾದ ದೂರವನ್ನು ಕಾಯುವವರು ಹೊರಗಿನಿಂದಲೇ ಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಡ.

ಹಳ್ಳಿಯ ಮಟ್ಟದಲ್ಲಿ ಇದೇ ಲೆಕ್ಕ ಮೈಕ್ರೊ ಫೈನಾನ್ಸಿನಲ್ಲಿ ಕಾಣುತ್ತದೆ. 2022ರ ಏಪ್ರಿಲ್‌ನಿಂದ ಈ ಸಾಲಗಳ ಬಡ್ಡಿಯ ಮೇಲಿನ ಮಿತಿಯನ್ನು ರಿಸರ್ವ್ ಬ್ಯಾಂಕ್ ತೆಗೆದಿದೆ; ಶೇಕಡ 24ರ ಆಸುಪಾಸಿನ ದರ ಸಾಮಾನ್ಯ. ಅಡಮಾನವಿಲ್ಲ, ಅಪಾಯ ಹೆಚ್ಚು, ಅದಕ್ಕೇ ಬಡ್ಡಿ ಹೆಚ್ಚು ಎಂಬುದು ಸಂಸ್ಥೆಗಳ ಸಮರ್ಥನೆ. ಆದರೆ ಹಲವು ವರ್ಷ ಇದೇ ಸಂಸ್ಥೆಗಳು ತಮ್ಮ ವಸೂಲಿ ನೂರಕ್ಕೆ ತೊಂಬತ್ತೆಂಟರ ಮೇಲಿದೆಯೆಂದು ಹೇಳಿಕೊಂಡು ಬಂದವು. ಎರಡೂ ಮಾತು ಒಟ್ಟಿಗೆ ನಿಲ್ಲುವುದು ಹೇಗೆ? ಗುಂಪಿನ ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ತುಂಬಬೇಕು. ತುಂಬದಿದ್ದರೆ ಏಜೆಂಟ್ ಬಾಗಿಲಲ್ಲಿ ಕೂರುತ್ತಾನೆ. ಅಪಾಯವನ್ನು ಹೊತ್ತವರು ಓಣಿಯ ಹೆಂಗಸರು, ಅಪಾಯದ ಬಡ್ಡಿ ಸಂಸ್ಥೆಗೆ. ರಾಜ್ಯದಲ್ಲಿ ಆತ್ಮಹತ್ಯೆಗಳ ಸುದ್ದಿ ಬಂದ ಮೇಲೆ 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇಟ್ಟಿತು. ಬಾಗಿಲಲ್ಲಿ ಕೂರುವವನನ್ನು ಎಬ್ಬಿಸಲು ಅದು ಬೇಕೇ ಬೇಕು. ಬಡ್ಡಿಯ ದರವನ್ನು ಅದು ಮುಟ್ಟುವುದಿಲ್ಲ.

ಆ ದರವನ್ನು ಇಳಿಸುವ ದಾರಿ ಮೆಟ್ಕಾಫ್ ತೋರಿಸಿದ್ದೇ: ಕಡಿಮೆ ಬಡ್ಡಿಯ ಸಾಲ ಪಕ್ಕದಲ್ಲೇ ಸಿಗುವಂತೆ ಮಾಡುವುದು. ಅದಕ್ಕೆ ಉದಾಹರಣೆಯೂ ನಮ್ಮಲ್ಲೇ ಇದೆ. 1990ರ ದಶಕದಿಂದ ಬೀದರ್ ಜಿಲ್ಲಾ ಸಹಕಾರ ಕೇಂದ್ರ (ಡಿಸಿಸಿ) ಬ್ಯಾಂಕ್, ಗುರುಪಾದಪ್ಪ ನಾಗಮಾರಪಳ್ಳಿ ಅವರ ಮುಂದಾಳತ್ವದಲ್ಲಿ, ಮಹಿಳಾ ಸ್ವಸಹಾಯ ಗುಂಪುಗಳಿಗೆ ದೊಡ್ಡ ಪ್ರಮಾಣದಲ್ಲಿ ಸಾಲ ಕೊಟ್ಟು ದೇಶದ ಸಹಕಾರ ವಲಯದ ಗಮನ ಸೆಳೆಯಿತು. ನಾಗಮಾರಪಳ್ಳಿಯವರು ರಾಜಕಾರಣಿಯೇ. ಡಿಸಿಸಿ ಬ್ಯಾಂಕುಗಳ ಅಧ್ಯಕ್ಷ ಸ್ಥಾನಕ್ಕೆ ಇಂದಿಗೂ ಶಾಸಕರ ಮನೆತನಗಳು ಪೈಪೋಟಿಗಿಳಿಯುತ್ತವೆ. ಇದು ಇಲ್ಲಿನ ಕಷ್ಟ: ಒಳ್ಳೆಯ ಕೆಲಸ ಆದದ್ದೂ ರಾಜಕೀಯದ ಬಲದಿಂದ, ಕೆಡುವ ಅಪಾಯವಿರುವುದೂ ಅದರಿಂದಲೇ.

ಆದರೆ ಡಿಸಿಸಿ ಬ್ಯಾಂಕಿಗೂ ಪಾಮರ್ ಕೋಠಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಇಲ್ಲಿ ಪಾಲುದಾರ ಅಂದರೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ, ಆ ಸಂಘದ ಷೇರುದಾರ ಅಂದರೆ ರೈತ. ವರ್ಷಕ್ಕೊಮ್ಮೆ ಮಹಾಸಭೆ ನಡೆಯುತ್ತದೆ, ಲೆಕ್ಕಪರಿಶೋಧನೆಯ ವರದಿ ಅಲ್ಲಿ ಮಂಡನೆಯಾಗಲೇಬೇಕು. ಹೆಚ್ಚಿನ ಕಡೆ ಊಟ, ಸನ್ಮಾನದ ನಡುವೆ ಅದು ಕೈಯೆತ್ತಿ ಪಾಸಾಗುತ್ತದೆ. ಆಡಳಿತ ಮಂಡಳಿಯವರಿಗೂ ಅವರ ಸಂಬಂಧಿಕರಿಗೂ ಎಷ್ಟು ಸಾಲ ಹೋಗಿದೆ, ಬಾಕಿ ಎಷ್ಟಿದೆ, ಗುಂಪುಗಳ ಸಾಲಕ್ಕೆ ಬ್ಯಾಂಕ್ ಎಷ್ಟಕ್ಕೆ ಹಣ ತಂದು ಎಷ್ಟಕ್ಕೆ ಕೊಡುತ್ತಿದೆ ಎಂಬ ಮೂರು ಅಂಕಿಗಳನ್ನು ಸಭೆಯಲ್ಲಿ ಓದಿಸಿ ಎಂದು ಕೇಳಲು ಆಳಂದದ, ಔರಾದಿನ, ಶಹಾಪುರದ ಯಾವ ಸಂಘದ ಪ್ರತಿನಿಧಿಗೂ ಅಧಿಕಾರವಿದೆ. ಈ ವರ್ಷದ ಮಹಾಸಭೆಯ ನೋಟಿಸು ಬಂದಾಗ ಕೇಳಬೇಕಾದದ್ದು ಅದನ್ನು.